ಮೊದಲ ಫ್ರೀಜ್‌ಗೆ ಸಿದ್ಧತೆ: ಉತ್ತರ ಟೆಕ್ಸಾಸ್‌ನ ಕನ್ನಡ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಉತ್ತರ ಟೆಕ್ಸಾಸ್‌ನಲ್ಲಿ ನವೆಂಬರ್ ತಿಂಗಳನ್ನು ನಂಬುವಂತಿಲ್ಲ. ಮಧ್ಯಾಹ್ನ ಅರ್ಧ ತೋಳಿನ ಅಂಗಿ ತೊಟ್ಟು ಹಿತ್ತಲಲ್ಲಿ ಬೆಂಡೆಕಾಯಿ ಕೊಯ್ದವರು ಅದೇ ರಾತ್ರಿ ಹೀಟರ್ ಹಾಕಿಕೊಂಡು ಮಲಗುವುದು ಇಲ್ಲಿ ಅಪರೂಪವಲ್ಲ. ಕೆನಡಾದ ಕಡೆಯಿಂದ ಇಳಿದು ಬರುವ ತಣ್ಣನೆಯ ಒಣಗಾಳಿಯನ್ನು ಕಾನ್ಸಾಸ್, ಒಕ್ಲಹೋಮಾ ಬಯಲುಗಳಲ್ಲಿ ತಡೆಯುವ ಬೆಟ್ಟಗಳಿಲ್ಲ. ಬಲವಾದ ಕೋಲ್ಡ್ ಫ್ರಂಟ್, ಅಂದರೆ ಆ ತಣ್ಣನೆಯ ಗಾಳಿಯ ಮುಂಚೂಣಿ, ಬಂದಾಗ ಉತ್ತರದ ದಿಗಂತದಲ್ಲಿ ಕಡುನೀಲಿ ಪಟ್ಟಿಯೊಂದು ಕಾಣಿಸುತ್ತದೆ. ಹಳೆಯ ಟೆಕ್ಸಾಸ್ ಜನ ಇದನ್ನು ‘ಬ್ಲೂ ನಾರ್ದರ್’ ಎನ್ನುತ್ತಾರೆ. 1911ರ ನವೆಂಬರ್ 11ರಂದು ಬಂದ ಅಂಥದ್ದೊಂದು ಅಲೆಗೆ ಒಕ್ಲಹೋಮಾ ಸಿಟಿಯಲ್ಲಿ ಹಗಲು 83 ಡಿಗ್ರಿ ಫ್ಯಾರನ್‌ಹೀಟ್ ಇದ್ದ ಉಷ್ಣತೆ ಮಧ್ಯರಾತ್ರಿಯೊಳಗೆ 17ಕ್ಕೆ ಬಿದ್ದಿತ್ತು. ಸೆಲ್ಸಿಯಸ್ ಲೆಕ್ಕದಲ್ಲಿ 28ರಿಂದ ಮೈನಸ್ 8ಕ್ಕೆ, ಅದೂ ಒಂದೇ ದಿನದಲ್ಲಿ!

ಪ್ರತಿವರ್ಷ ಅಷ್ಟು ಭೀಕರವಾಗಿರುವುದಿಲ್ಲ. ಡಲ್ಲಾಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದ ದಾಖಲೆಗಳ ಸರಾಸರಿ ಹಿಡಿದರೆ ಮೊದಲ ಫ್ರೀಜ್, ಅಂದರೆ ಉಷ್ಣತೆ 32 ಡಿಗ್ರಿ ಫ್ಯಾರನ್‌ಹೀಟ್‌ಗೆ (ಸೊನ್ನೆ ಸೆಲ್ಸಿಯಸ್‌ಗೆ) ಅಥವಾ ಅದಕ್ಕಿಂತ ಕೆಳಗೆ ಇಳಿಯುವುದು, ನವೆಂಬರ್ ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ ಬರುತ್ತದೆ (ಮುಂದೆ ಬರುವ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್‌ನಲ್ಲಿ). ಅದು ಸರಾಸರಿ ಮಾತ್ರ. ತಿಂಗಳ ಮೊದಲ ವಾರಗಳಲ್ಲಿಯೇ ಬಂದು ಕೈಕೊಟ್ಟ ವರ್ಷಗಳೂ ಇವೆ. ಹ್ಯೂಸ್ಟನ್‌ನವರಿಗೆ ಇನ್ನೂ ಕೆಲವು ದಿನ ಬಿಡುವಿದೆ. ಷಿಕಾಗೊ, ನ್ಯೂ ಜೆರ್ಸಿಯವರು ಅಕ್ಟೋಬರ್‌ನಲ್ಲಿಯೇ ಇದನ್ನೆಲ್ಲ ಮುಗಿಸಿರಬೇಕು. ಕೆಲಸದ ಕ್ರಮ ಮಾತ್ರ ಎಲ್ಲ ಕಡೆಯೂ ಬಹುಮಟ್ಟಿಗೆ ಇದೇ.

ಡಲ್ಲಾಸ್ ಸುತ್ತಲಿನ ಇರ್ವಿಂಗ್, ಪ್ಲೇನೋ, ಫ್ರಿಸ್ಕೋ ಕಡೆಯ ನಮ್ಮ ಮನೆಗಳಲ್ಲಿ ಕುಂಡದ ಕರಿಬೇವು, ತುಳಸಿ, ದುಂಡುಮಲ್ಲಿಗೆ, ದೊಡ್ಡಪತ್ರೆ, ಬೇಲಿಗೆ ಹಬ್ಬಿದ ಬಸಳೆ ಸಾಮಾನ್ಯ. ಇವುಗಳಲ್ಲಿ ಒಂದಕ್ಕೂ ಫ್ರೀಜ್ ಎಂದರೇನೆಂದು ಗೊತ್ತಿಲ್ಲ. ಸಿದ್ಧತೆಗೆ ಹೊರಡುವ ಮುನ್ನ ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು: ಬಲವಾದ ಫ್ರಂಟ್ ಬಂದಾಗ ಕಾಯಬೇಕಾದದ್ದು ಎರಡು ರಾತ್ರಿ. ಮೊದಲ ರಾತ್ರಿ ಗಾಳಿ ಹುಯ್ಯೆನ್ನುತ್ತಿರುವುದರಿಂದ ಎಲ್ಲರೂ ಎಚ್ಚರವಾಗಿರುತ್ತಾರೆ. ಎರಡನೆಯ ರಾತ್ರಿ ಗಾಳಿ ನಿಂತು ಆಕಾಶ ತಿಳಿಯಾದಾಗ ‘ಮುಗಿಯಿತು’ ಎಂದುಕೊಂಡು ಹೊದಿಕೆ ಮಡಚಿಡುತ್ತಾರೆ. ಹಿತ್ತಲು ಹಾಳಾಗುವುದು ಹೆಚ್ಚಾಗಿ ಆಗಲೇ.

ಹಂತ 1: ಮುನ್ಸೂಚನೆಯನ್ನು ಸರಿಯಾಗಿ ಓದಿ

ಮೊಬೈಲ್‌ನ ಹವಾಮಾನ ಆ್ಯಪ್ ತೋರಿಸುವ ಒಂದೇ ಒಂದು ಅಂಕಿ ಸಾಲದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದಲ್ಲಿ ನಿಮ್ಮ ಪಿನ್‌ಕೋಡ್, ಅಂದರೆ ಇಲ್ಲಿಯ ಜಿಪ್ ಕೋಡ್, ಕೊಟ್ಟು ಗಂಟೆಗಂಟೆಯ ಮುನ್ಸೂಚನೆಯ ನಕ್ಷೆಯನ್ನು ತೆರೆಯಿರಿ. ಅದರಲ್ಲಿ ಉಷ್ಣತೆ, ಇಬ್ಬನಿ ಬಿಂದು (ಡ್ಯೂ ಪಾಯಿಂಟ್), ಗಾಳಿ, ಮೋಡ ನಾಲ್ಕನ್ನೂ ನೋಡಿ.

ಗಾಳಿಯ ಗೆರೆ ದಕ್ಷಿಣದಿಂದ ವಾಯವ್ಯಕ್ಕೆ ಅಥವಾ ಉತ್ತರಕ್ಕೆ ತಿರುಗುವ ಗಂಟೆಯೇ ಫ್ರಂಟ್ ನಿಮ್ಮ ಮನೆಯನ್ನು ದಾಟುವ ಹೊತ್ತು. ಹೊರಗಿನ ಕೆಲಸಗಳೆಲ್ಲ ಅದಕ್ಕೆ ಮುಂಚೆ ಮುಗಿದಿರಬೇಕು. ಗಂಟೆಗೆ 30–40 ಮೈಲಿ ವೇಗದ ಗಾಳಿಯಲ್ಲಿ ಬಟ್ಟೆ ಹೊದಿಸಲು ಹೋದವರ ಪಾಡು ನೋಡಲಾಗದು.

ಇಬ್ಬನಿ ಬಿಂದುವನ್ನು ಯಾರೂ ನೋಡುವುದಿಲ್ಲ, ಆದರೆ ತೋಟದವರಿಗೆ ಅದೇ ಮುಖ್ಯ. ಗಾಳಿ ತಣ್ಣಗಾಗುತ್ತಾ ಇಬ್ಬನಿ ಬಿಂದುವನ್ನು ಮುಟ್ಟಿದಾಗ ನೀರಾವಿ ಹನಿಗಟ್ಟುತ್ತದೆ. ಹಾಗೆ ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖ ಮುಂದಿನ ಕುಸಿತವನ್ನು ನಿಧಾನಿಸುತ್ತದೆ. ಸಂಜೆ ಇಬ್ಬನಿ ಬಿಂದು 40ರ ಆಸುಪಾಸಿನಲ್ಲಿದ್ದರೆ ರಾತ್ರಿ ತೀರಾ ಕೆಳಗಿಳಿಯುವುದು ಕಷ್ಟ. ಅದೇ 15–20ಕ್ಕೆ ಬಿದ್ದಿದ್ದರೆ ತಡೆಯುವುದೇ ಇಲ್ಲ. ಆ್ಯಪ್ 34 ಎಂದರೂ ನಾನಾದರೆ ಫ್ರೀಜ್ ಎಂದೇ ಎಣಿಸಿ ಸಿದ್ಧನಾಗುತ್ತೇನೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಧಿಕೃತ ಉಷ್ಣತೆಯನ್ನು ಅಳೆಯುವುದು ನೆಲದಿಂದ ಸುಮಾರು ಐದಾರು ಅಡಿ ಎತ್ತರದಲ್ಲಿ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ನೆಲಮಟ್ಟದ ಎಲೆ ಅದಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತದೆ. 33ರಿಂದ 36ರ ನಡುವಿನ ಮುನ್ಸೂಚನೆಗೂ ‘ಫ್ರಾಸ್ಟ್ ಅಡ್ವೈಸರಿ’ (ಹಿಮಪುಡಿ ಕೂರುವ ಎಚ್ಚರಿಕೆ) ಹೊರಡಿಸುವುದು ಇದೇ ಕಾರಣಕ್ಕೆ. ಜೊತೆಗೆ ವಿಮಾನ ನಿಲ್ದಾಣದ ಅಂಕಿ ನಿಮ್ಮ ಹಿತ್ತಲಿನದ್ದಲ್ಲ. ಹಳ್ಳದ ಪಕ್ಕದ, ತಗ್ಗಿನ ಮನೆಗಳಿಗೆ ತಣ್ಣನೆಯ ಗಾಳಿ ಹರಿದು ಬಂದು ನಿಲ್ಲುತ್ತದೆ; ಕಾಂಕ್ರೀಟು ತುಂಬಿದ ನಗರದ ಒಳಭಾಗ ಬೆಚ್ಚಗಿರುತ್ತದೆ.

ಎಚ್ಚರಿಕೆಗಳಲ್ಲಿ ‘ಫ್ರೀಜ್ ವಾಚ್’ ಎಂದರೆ ಸಾಧ್ಯತೆ ಇದೆ ಎಂದು, ‘ಫ್ರೀಜ್ ವಾರ್ನಿಂಗ್’ ಎಂದರೆ ಬಂತು ಎಂದು. 2024ರ ಅಕ್ಟೋಬರ್‌ನಿಂದ ‘ಹಾರ್ಡ್ ಫ್ರೀಜ್ ವಾರ್ನಿಂಗ್’ (ಕಡು ಫ್ರೀಜ್‌ನ ಎಚ್ಚರಿಕೆ) ಎಂಬ ಪ್ರತ್ಯೇಕ ಹೆಸರನ್ನು ಕೈಬಿಟ್ಟಿದ್ದಾರೆ. ಹಾಗಾಗಿ ವಾರ್ನಿಂಗ್ ಬಂದಾಗ ಒಳಗಿನ ವಿವರ ಓದಿ. 31 ಡಿಗ್ರಿ ಎರಡು ಗಂಟೆ ಇರುವುದಕ್ಕೂ 25 ಡಿಗ್ರಿ ಎಂಟು ಗಂಟೆ ಇರುವುದಕ್ಕೂ ಅಜಗಜಾಂತರ. ಇಂಥ ಎಚ್ಚರಿಕೆ ಸಾಮಾನ್ಯವಾಗಿ ಬೆಳೆಯ ಋತುವಿಗೆ ಮಾತ್ರ. ಮೊದಲ ಫ್ರೀಜ್ ಎಲ್ಲೆಡೆ ಆದ ಮೇಲೆ ಮತ್ತೆ ಮತ್ತೆ ಹೊರಡಿಸುವುದಿಲ್ಲ, ಆದ್ದರಿಂದ ಎಚ್ಚರಿಕೆ ಬರಲಿಲ್ಲವೆಂದು ಮಲ್ಲಿಗೆ ಕುಂಡವನ್ನು ಡಿಸೆಂಬರ್‌ನಲ್ಲಿ ಹೊರಗೆ ಬಿಡಬೇಡಿ.

‘ವಿಂಡ್ ಚಿಲ್’ ಅಂಕಿ ಮನುಷ್ಯರ ಚರ್ಮಕ್ಕೆ ಸಂಬಂಧಿಸಿದ್ದು. ಗಾಳಿ ಎಷ್ಟೇ ಬೀಸಲಿ, ಆ ಬೀಸುವಿಕೆಯಿಂದ ಗಿಡವಾಗಲಿ ಕೊಳಾಯಿಯಾಗಲಿ ಸುತ್ತಲಿನ ಗಾಳಿಯ ಉಷ್ಣತೆಗಿಂತ ಕೆಳಗೆ ಇಳಿಯುವುದಿಲ್ಲ. ಗಾಳಿ ಮಾಡುವುದು ಬೇಗ ತಣಿಸುವ, ಎಲೆ ಒಣಗಿಸುವ ಕೆಲಸವನ್ನು.

ಹಂತ 2: ಒಳಗೆ ಬರಬೇಕಾದವರನ್ನು ಒಳಗೆ ತನ್ನಿ

ಮೊದಲ ಸ್ಥಾನ ತುಳಸಿಗೆ. ಇದಕ್ಕೆ ಫ್ರೀಜ್ ಬೇಕಾಗಿಯೇ ಇಲ್ಲ. ರಾತ್ರಿ 50 ಡಿಗ್ರಿಗಿಂತ ಕೆಳಗಿಳಿದರೆ ಸೊರಗತೊಡಗುತ್ತದೆ, 40ರ ಸುಮಾರಿಗೆ ಎಲೆ ಕಪ್ಪಾಗುತ್ತದೆ. ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಹಬ್ಬ ಹೆಚ್ಚಿನ ವರ್ಷ ನವೆಂಬರ್‌ನಲ್ಲಿಯೇ ಬರುವುದರಿಂದ, ಹಬ್ಬದ ಹೊತ್ತಿಗೆ ಪೂಜೆಗೆ ಬರಿ ಕಡ್ಡಿ ಉಳಿಯುವ ಸಂದರ್ಭ ಇಲ್ಲಿ ನಿಜವಾಗಿಯೂ ಇದೆ. ಬೀಜವನ್ನು ಕಾಗದದಲ್ಲಿ ಕಟ್ಟಿಡುವುದು ಜಾಣತನ, ಏಕೆಂದರೆ ಮನೆಯೊಳಗಿನ ಚಳಿಗಾಲವನ್ನು ತುಳಸಿ ದಾಟುವುದು ಖಾತರಿಯಲ್ಲ.

ನಂತರ ಕರಿಬೇವು. ನಿಂಬೆಯ ಕುಟುಂಬದ ಈ ಗಿಡ ನೆಲದಲ್ಲಿ ಬೇರೂರಿ ಕಾಂಡ ಬಲಿತಿದ್ದರೆ ಲಘು ಫ್ರೀಜ್‌ನಲ್ಲಿ ಎಲೆ ಕಳೆದುಕೊಂಡರೂ ಬುಡದಿಂದ ಚಿಗುರಬಹುದು. ಕುಂಡದಲ್ಲಿ ಹಾಗಲ್ಲ. ನೆಲದ ಆಳದಲ್ಲಿರುವ ಬಿಸಿ ಕುಂಡದ ಬೇರಿಗೆ ಸಿಗುವುದಿಲ್ಲ, ಮಣ್ಣು ಸುತ್ತಲ ಗಾಳಿಯಷ್ಟೇ ತಣ್ಣಗಾಗಿಬಿಡುತ್ತದೆ. ಬೇರು ಸತ್ತರೆ ಗಿಡ ಮುಗಿಯಿತು. ಆದ್ದರಿಂದ ಕುಂಡವನ್ನು ಒಳಗೆ ತರಲೇಬೇಕು.

ತರುವ ಮುನ್ನ ಮಾಡಬೇಕಾದದ್ದು:

ಎಲೆಯ ಹಿಂಬದಿ, ಕಾಂಡದ ಸಂದುಗಳನ್ನು ನೋಡಿ. ಕಂದು ಹುರುಪೆಯಂತೆ ಅಂಟಿಕೊಂಡಿರುವ ಶಲ್ಕ ಕೀಟ, ಬಿಳಿ ಹಿಟ್ಟು ತಿಗಣೆ, ಜೇಡನುಸಿ ಇದ್ದರೆ ಪೈಪಿನಿಂದ ನೀರು ರಭಸವಾಗಿ ಬಿಟ್ಟು ತೊಳೆದು, ಕೀಟನಾಶಕ ಸೋಪಿನ ದ್ರಾವಣವನ್ನೋ ಬೇವಿನೆಣ್ಣೆಯ ದ್ರಾವಣವನ್ನೋ ಸಿಂಪಡಿಸಿ ಒಣಗಲು ಬಿಡಿ. ಬೆಚ್ಚನೆಯ ಒಣಮನೆಯೊಳಗೆ ಹೊಕ್ಕರೆ ಇವುಗಳಿಗೆ ಹಬ್ಬ, ಹಿಡಿದುಹಾಕುವ ಶತ್ರು ಕೀಟಗಳೂ ಅಲ್ಲಿರುವುದಿಲ್ಲ. ತುದಿಗಳನ್ನು ಹದವಾಗಿ ಕತ್ತರಿಸಿ. ಆ ಸೊಪ್ಪನ್ನು ತೊಳೆದು ಒಣಗಿಸಿ ಫ್ರೀಜರ್‌ಗೆ ಹಾಕಬಹುದು, ಅಥವಾ ಹುರಿದು ಚಟ್ನಿಪುಡಿ ಮಾಡಿಕೊಳ್ಳಬಹುದು. ಒಳಗೆ ದಕ್ಷಿಣದ ಕಿಟಕಿಯ ಹತ್ತಿರ ಇಡಿ, ಆದರೆ ಹೀಟರ್‌ನ ಬಿಸಿಗಾಳಿ ಬರುವ ಕಿಂಡಿಯ ಮುಂದೆ ಬೇಡ. ಗೊಬ್ಬರ ನಿಲ್ಲಿಸಿ. ಮಣ್ಣಿನ ಮೇಲ್ಪದರ ಒಣಗಿದ ಮೇಲಷ್ಟೇ ನೀರು. ಒಳಗೆ ತಂದ ಕರಿಬೇವು ಹಳದಿಯಾಗಿ ಎಲೆ ಉದುರಿಸುವುದು ಸಹಜ. ಗಾಬರಿಯಿಂದ ನೀರು ಸುರಿದರೆ ಬೇರು ಕೊಳೆಯುತ್ತದೆ. ಚಳಿಗಾಲದಲ್ಲಿ ಕರಿಬೇವು ಸಾಯುವುದಕ್ಕೆ ಚಳಿಗಿಂತ ನಮ್ಮ ಅತಿಪ್ರೀತಿಯೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಒಂದು ಮಾತು: ಊರು ಬಿಟ್ಟು ಇನ್ನೊಂದು ರಾಜ್ಯದ ಗೆಳೆಯರ ಮನೆಗೆ ಕರಿಬೇವಿನ ಗಿಡ ಸಾಗಿಸುವ ಯೋಚನೆಯಿದ್ದರೆ ಮೊದಲು ನಿಯಮ ನೋಡಿ. ನಿಂಬೆ ಜಾತಿಯ ಮರಗಳ ಹಸಿರು ರೋಗವನ್ನು ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಮೇಲೂ ಬದುಕುವುದರಿಂದ ಇದರ ಸಾಗಾಟಕ್ಕೆ ನಿರ್ಬಂಧಗಳಿವೆ.

ದುಂಡುಮಲ್ಲಿಗೆ, ಕನಕಾಂಬರ, ದೊಡ್ಡಪತ್ರೆ, ವೀಳ್ಯದೆಲೆ, ಕುಂಡದ ಬಾಳೆ ಎಲ್ಲಕ್ಕೂ ಇದೇ ಆರೈಕೆ. ಒಳಗೆ ಜಾಗವಿಲ್ಲದಿದ್ದರೆ ಎರಡು ರಾತ್ರಿಯ ಮಟ್ಟಿಗೆ ಗ್ಯಾರೇಜ್ ಸಾಕು. ಕಾರಿನ ಎಂಜಿನ್ ಅಲ್ಲಿ ಚಾಲೂ ಇಡುವ ಬುದ್ಧಿವಂತಿಕೆ ಮಾತ್ರ ಬೇಡ. ದೊಡ್ಡಪತ್ರೆಯ ನಾಲ್ಕು ಕಡ್ಡಿ ಮುರಿದು ಒಳಗಿನ ಪುಟ್ಟ ಕುಂಡದಲ್ಲಿ ನೆಟ್ಟರೆ ಹೊರಗಿನದು ಹೋದರೂ ಚಿಂತೆಯಿಲ್ಲ.

ಹಂತ 3: ಕೊಯ್ಯಬೇಕಾದದ್ದನ್ನು ಕೊಯ್ದುಬಿಡಿ

ಬಸಳೆ, ಬೆಂಡೆ, ಬದನೆ, ಹೀರೆ, ಸೋರೆ, ಅವರೆ, ಮೆಣಸಿನಕಾಯಿ, ಟೊಮೆಟೊ ಇವು ಫ್ರೀಜ್ ತಾಳುವುದಿಲ್ಲ. ಋತು ಹೇಗೂ ಮುಗಿಯುತ್ತಾ ಬಂದಿರುವುದರಿಂದ ಇಡೀ ಸಾಲಿಗೆ ಹೊದಿಕೆ ಹಾಕಿ ಒದ್ದಾಡುವುದಕ್ಕಿಂತ ಕೊಯ್ದು ಒಳಗೆ ತರುವುದು ಲೇಸು. ಪೂರ್ತಿ ಬಲಿತು ಹಸಿರಾಗಿಯೇ ಇರುವ ಟೊಮೆಟೊಗಳನ್ನು ತಣ್ಣನೆಯ ಕೋಣೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ. ಕೆಲವು ವಾರಗಳಲ್ಲಿ ಒಂದೊಂದಾಗಿ ಹಣ್ಣಾಗುತ್ತವೆ. ಫ್ರಿಜ್‌ನಲ್ಲಿ ಇಟ್ಟರೆ ಆಗುವುದಿಲ್ಲ. ಎಳೆಯವು ಟೊಮೆಟೊಕಾಯಿ ಚಟ್ನಿಗೆ. ಬಸಳೆಯ ದಂಟು ಹುಳಿಗೆ, ಒಂದೆರಡು ಗೇಣಿನ ತುಂಡು ನೀರಿನ ಲೋಟಕ್ಕೆ: ಬೇರು ಬಿಟ್ಟರೆ ಮುಂದಿನ ವರ್ಷಕ್ಕೆ ಬೀಜ ಹುಡುಕಬೇಕಿಲ್ಲ.

ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ಮೂಲಂಗಿ, ಪಾಲಕ್ ಇದ್ದಲ್ಲಿಯೇ ಇರಲಿ. ಲಘು ಫ್ರೀಜ್ ಇವುಗಳಿಗೆ ಲೆಕ್ಕವಿಲ್ಲ. ಟೆಕ್ಸಾಸ್‌ನಲ್ಲಿ ಇವುಗಳ ಕಾಲ ಶುರುವಾಗುವುದೇ ಈಗ.

ಹಂತ 4: ಹಿಂದಿನ ದಿನ ನೀರು, ಆಮೇಲೆ ಹೊದಿಕೆ

ಚಳಿ ಬರುತ್ತಿದೆಯೆಂದು ನೀರು ನಿಲ್ಲಿಸುವವರೇ ಹೆಚ್ಚು. ಮಾಡಬೇಕಾದದ್ದು ತದ್ವಿರುದ್ಧ. ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ, ಒಣಗಿದ ಗಿಡಕ್ಕಿಂತ ನೀರುಂಡ ಗಿಡ ಚೆನ್ನಾಗಿ ತಾಳುತ್ತದೆ. ಫ್ರೀಜ್‌ನ ಹಿಂದಿನ ದಿನ ಮಧ್ಯಾಹ್ನದೊಳಗೆ ಬುಡಕ್ಕೆ ನಿಧಾನವಾಗಿ ನೀರುಣಿಸಿ, ಎಲೆಗೆ ಬೇಡ. ಬುಡದ ಸುತ್ತ ಮೂರ್ನಾಲ್ಕು ಇಂಚು ಒಣ ಎಲೆ ಅಥವಾ ಮಲ್ಚ್ ಹಾಕಿ.

ಹೊದಿಕೆಗೆ ಅಂಗಡಿಯ ಫ್ರಾಸ್ಟ್ ಕ್ಲಾತ್ ಒಳ್ಳೆಯದು. ದಪ್ಪವನ್ನು ಅನುಸರಿಸಿ ಕೆಲವೇ ಡಿಗ್ರಿಗಳ ರಕ್ಷಣೆ ಕೊಡುತ್ತದೆ. ಹಳೆಯ ಹತ್ತಿ ಸೀರೆ, ಪಂಚೆ, ಹೊದಿಕೆಗಳೂ ಆಗುತ್ತವೆ. ಊರಿನಿಂದ ತಂದ ಕಂಬಳಿಯೂ ಆದೀತು, ಎಳೆಯ ಗಿಡದ ಮೇಲೆ ಭಾರ ಬೀಳದಂತೆ ನಾಲ್ಕು ಕೋಲು ನಿಲ್ಲಿಸಿಕೊಂಡರೆ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದಲ್ಲೆಲ್ಲ ಎಲೆ ಸುಟ್ಟಂತಾಗುತ್ತದೆ. ಬಳಸಲೇಬೇಕಿದ್ದರೆ ಬಟ್ಟೆಯ ಮೇಲೆ ಬಳಸಿ.

ಹೊದಿಕೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ನೆಲದಿಂದ ಮೇಲೇಳುವ ಬಿಸಿಯನ್ನು ಹಿಡಿದಿಡುತ್ತದೆ. ಗಿಡದ ತಲೆಗೆ ಚೀಲ ಕಟ್ಟಿ ಕತ್ತಿನಲ್ಲಿ ದಾರ ಬಿಗಿದರೆ ನೆಲದ ಬಿಸಿಗೆ ದಾರಿಯೇ ಇರುವುದಿಲ್ಲ. ಬಟ್ಟೆ ಡೇರೆಯಂತೆ ಎಲ್ಲ ಕಡೆ ನೆಲ ಮುಟ್ಟಬೇಕು, ಅಂಚಿನ ಮೇಲೆ ಇಟ್ಟಿಗೆ, ಕಲ್ಲು ಹೇರಬೇಕು. ನೆಲದಲ್ಲಿ ನೆಟ್ಟ ನಿಂಬೆ, ಕರಿಬೇವಿಗೆ ಒಳಗೆ ದೀಪದ ಸರ ಸುತ್ತುವುದುಂಟು. ಆದರೆ ದೀಪಾವಳಿಗೆ ಹಾಕಿದ ಎಲ್‌ಇಡಿ ಸರದಿಂದ ಬಿಸಿ ಬರುವುದಿಲ್ಲ. ಹಳೆಯ ಕಾಲದ ತಂತಿ ಬಲ್ಬುಗಳೇ ಬೇಕು, ಅವೂ ಹೊರಾಂಗಣಕ್ಕೆಂದು ಗುರುತಿಸಿದವೇ ಆಗಿರಬೇಕು, ಬಟ್ಟೆಗೆ ತಾಗದಂತಿರಬೇಕು.

ಹಂತ 5: ನಲ್ಲಿ, ಕೊಳಾಯಿ, ಸ್ಪ್ರಿಂಕ್ಲರ್

ಇಲ್ಲಿ ಭಯವನ್ನು ಅಳತೆಯಲ್ಲಿಟ್ಟುಕೊಳ್ಳಿ. 2021ರ ಫೆಬ್ರವರಿಯ ಚಳಿಗಾಳಿಯಲ್ಲಿ ಡಲ್ಲಾಸ್–ಫೋರ್ಟ್ ವರ್ತ್‌ನಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ವಿದ್ಯುತ್ ಹೋಗಿ, ಸೂರಿನಿಂದ ನೀರು ಸುರಿದದ್ದನ್ನು ಕಂಡವರು 31 ಡಿಗ್ರಿಗೂ ರಾತ್ರಿಯಿಡೀ ಎಲ್ಲ ನಲ್ಲಿ ತೊಟ್ಟಿಕ್ಕಿಸುತ್ತಾರೆ. ಅದರ ಅಗತ್ಯವಿಲ್ಲ. ಅಟ್ಟದ, ಹೊರಗೋಡೆಯ ಕೊಳಾಯಿಗಳು ಹೆಪ್ಪುಗಟ್ಟುವ ಅಪಾಯ ಶುರುವಾಗುವುದು ಹೊರಗೆ ಸುಮಾರು 20 ಡಿಗ್ರಿಗೆ ಇಳಿದಾಗ. ಅಷ್ಟರಮಟ್ಟಿಗೆ ಇಳಿಯುವ ಸೂಚನೆಯಿದ್ದರೆ ಮೀಟರಿನಿಂದ ಅತಿ ದೂರದ ನಲ್ಲಿಯನ್ನು ಸಣ್ಣಗೆ ಬಿಡಿ, ಹೊರಗೋಡೆಯ ಸಿಂಕ್‌ಗಳ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ.

ಮೊದಲ ಫ್ರೀಜ್‌ಗೆ ಸಾಕಾಗುವ ಕೆಲಸಗಳು ಇವು. ಹೊರಗಿನ ನಲ್ಲಿಗಳಿಂದ ಹೋಸ್ ಪೈಪ್ ಬಿಚ್ಚಿ, ನೀರು ಬಸಿದು ಸುತ್ತಿಡಿ. ಫ್ರಾಸ್ಟ್ ತಡೆಯುವ ನಲ್ಲಿ ಇದೆಯೆಂದು ಪೈಪ್ ಹಾಗೆಯೇ ಬಿಟ್ಟರೆ ಒಳಗಿನ ನೀರು ಬಸಿಯದೆ ಗೋಡೆಯೊಳಗೇ ಒಡೆಯುತ್ತದೆ. ತಿಳಿಯುವುದು ವಸಂತದಲ್ಲಿ ನಲ್ಲಿ ತಿರುಗಿಸಿದಾಗ. ನಲ್ಲಿಗೆ ಸ್ಪಂಜಿನ ಟೋಪಿ ಹಾಕಿ. ಫ್ರಂಟ್ ಬರುವ ಹಿಂದಿನ ದಿನ ಅವು ಅಂಗಡಿಯಲ್ಲಿ ಸಿಗುವುದಿಲ್ಲ, ಆದ್ದರಿಂದ ಅಕ್ಟೋಬರ್‌ನಲ್ಲಿಯೇ ತಂದಿಡಿ; ಸಿಗದಿದ್ದರೆ ಹಳೆಯ ಟವೆಲ್ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿ. ಸ್ಪ್ರಿಂಕ್ಲರ್ ಟೈಮರ್ ಆಫ್ ಮಾಡಿ. ಮುಂಜಾನೆ ಐದಕ್ಕೆ ತಾನಾಗಿ ಚಿಮ್ಮಿದ ನೀರು ಕಾಲುದಾರಿಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿ, ವಾಯುವಿಹಾರಕ್ಕೆ ಹೊರಟ ಹಿರಿಯರನ್ನು ಬೀಳಿಸುತ್ತದೆ. ಸ್ಪ್ರಿಂಕ್ಲರ್‌ನ ನೀರು ಕುಡಿಯುವ ನೀರಿಗೆ ಹಿಮ್ಮರಳದಂತೆ ತಡೆಯುವ ಬ್ಯಾಕ್‌ಫ್ಲೋ ಕವಾಟ ನೆಲದ ಮೇಲಿದ್ದರೆ ಅದಕ್ಕೂ ಹೊದಿಕೆ ಬೇಕು. ಬಿಸಿನೀರಿನ ಟ್ಯಾಂಕ್‌ರಹಿತ ಹೀಟರ್ ಹೊರಗೋಡೆಯಲ್ಲಿದ್ದರೆ, ಅದರ ಫ್ರೀಜ್ ರಕ್ಷಣೆ ನಡೆಯುವುದು ವಿದ್ಯುತ್ತಿನಿಂದ ಎಂಬುದು ನೆನಪಿರಲಿ.

ಹಗಲು ಬೆಳಕಿರುವಾಗಲೇ ಮನೆಯ ಮುಖ್ಯ ನೀರಿನ ಕವಾಟ ಎಲ್ಲಿದೆ ಎಂದು ಮನೆಯವರೆಲ್ಲ ನೋಡಿಕೊಳ್ಳಿ. ಹಲವು ಮನೆಗಳಲ್ಲಿ ಅದು ರಸ್ತೆ ಬದಿಯ ಮೀಟರ್ ಪೆಟ್ಟಿಗೆಯ ಹತ್ತಿರ ನೆಲದೊಳಗಿರುತ್ತದೆ, ತಿರುಗಿಸಲು ಉದ್ದ ಕೀಲಿ ಬೇಕಾಗುತ್ತದೆ.

ಹಂತ 6: ಹೀಟರ್, ಮನೆಯೊಳಗಿನ ಜನ, ಕಾರು

ಹೀಟರನ್ನು ಫ್ರಂಟ್ ಬರುವ ಮುನ್ನ ಒಂದು ಸಂಜೆ ಹಾಕಿ ನೋಡಿ. ಬೇಸಿಗೆಯ ಧೂಳು ಸುಡುವ ವಾಸನೆ ಸ್ವಲ್ಪ ಹೊತ್ತು ಬರುವುದು ಸಹಜ, ಹೋಗದೆ ಉಳಿದರೆ ಆರಿಸಿ ತಜ್ಞರನ್ನು ಕರೆಸಿ. ಫಿಲ್ಟರ್ ಬದಲಿಸಿ. ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಸೂಚಕಗಳ ಬ್ಯಾಟರಿ ಪರೀಕ್ಷಿಸಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹಾಕುವ ದಿನವೇ ಇದಕ್ಕೂ ಒಳ್ಳೆಯ ದಿನ. ಗ್ಯಾಸ್ ಒಲೆ, ಇದ್ದಿಲ ಗ್ರಿಲ್, ಜನರೇಟರ್ ಇವುಗಳಿಂದ ಮನೆ ಬೆಚ್ಚಗೆ ಮಾಡುವ ಯೋಚನೆ ಬೇಡ. ವಾಸನೆಯಿಲ್ಲದ ಅನಿಲ ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಸಣ್ಣ ವಿದ್ಯುತ್ ಹೀಟರ್ ಇಟ್ಟರೆ ಪರದೆ, ಹಾಸಿಗೆಯಿಂದ ಮೂರಡಿ ದೂರ, ನೇರವಾಗಿ ಗೋಡೆಯ ಸಾಕೆಟ್‌ಗೆ.

ಊರಿನಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವ ಮನೆಯಲ್ಲಿದ್ದರೆ ಅವರಿಗೆ ಹಿಂದಿನ ದಿನವೇ ಹೇಳಿ: ನಾಳೆ ಬೆಳಗ್ಗೆ ಬಿಸಿಲು ಕಂಡರೂ ಹೊರಗೆ ಮಂಜುಗಡ್ಡೆಯ ಚಳಿ. ಬೆಳಗಿನ ವಾಕಿಂಗ್ ಮಧ್ಯಾಹ್ನಕ್ಕೆ ಹೋಗಲಿ. ಒಂದು ದಪ್ಪ ಜಾಕೆಟ್‌ಗಿಂತ ಎರಡು ಮೂರು ತೆಳು ಪದರ, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಹೆಚ್ಚು ಪ್ರಯೋಜನಕಾರಿ. ದೋಸೆ ಹಿಟ್ಟು ಆ ರಾತ್ರಿ ಅಡುಗೆಕಟ್ಟೆಯ ಮೇಲೆ ಹುದುಗುವುದಿಲ್ಲ. ಓವನ್ನಿನ ದೀಪ ಮಾತ್ರ ಹಾಕಿ ಒಳಗಿಡಿ. ಬೆಳಗ್ಗೆ ಓವನ್ ಹಚ್ಚುವ ಮುನ್ನ ತೆಗೆಯಬೇಕೆಂದು ಬಾಗಿಲಿಗೊಂದು ಚೀಟಿ ಅಂಟಿಸಿಡಿ.

ಕಾರಿನ ವಿಷಯ ಚಿಕ್ಕದು. ಉಷ್ಣತೆ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಹಾಗಾಗಿ ಮರುದಿನ ಟೈರಿನ ದೀಪ ಹೊತ್ತಿಕೊಂಡರೆ ಪಂಕ್ಚರ್ ಎಂದೇ ತಿಳಿಯಬೇಡಿ, ಗಾಳಿ ತುಂಬಿಸಿ. ಗಾಜಿನ ಮಂಜಿಗೆ ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ.

ಮೊದಲ ರಾತ್ರಿ, ಎರಡನೆಯ ರಾತ್ರಿ

ಮೊದಲ ರಾತ್ರಿ ಗಾಳಿ ಎಲ್ಲವನ್ನೂ ಕಲಕುತ್ತಿರುವುದರಿಂದ ತಗ್ಗು, ದಿಬ್ಬ ಎಲ್ಲ ಕಡೆ ಉಷ್ಣತೆ ಹೆಚ್ಚುಕಡಿಮೆ ಒಂದೇ. ಆಗ ಹೊದಿಕೆ ಹಾರದಂತೆ ನೋಡಿಕೊಳ್ಳುವುದೇ ಕೆಲಸ. ಕುಂಡಗಳನ್ನು ದಕ್ಷಿಣದ ಇಟ್ಟಿಗೆ ಗೋಡೆಯ ಮರೆಗೆ ಒತ್ತಾಗಿ ಸೇರಿಸುವುದರಿಂದ ಉಪಯೋಗವಿದೆ.

ಬೆಳಗ್ಗೆ ಉಷ್ಣತೆ 32 ದಾಟಿದ ಮೇಲೆ ಹೊದಿಕೆ ಸರಿಸಿ, ಮಣ್ಣಿಗೆ ಬಿಸಿಲು ತಾಗಲಿ. ಹುಲ್ಲಿನ ಮೇಲೆ ಬಿಳಿ ಪದರ ಕಾಣಲಿಲ್ಲವೆಂದರೆ ಫ್ರೀಜ್ ಆಗಿಲ್ಲ ಎಂದರ್ಥವಲ್ಲ. ಗಾಳಿ ತುಂಬಾ ಒಣಗಿದ್ದರೆ ಬಿಳಿಯ ಹಿಮಪುಡಿ ಕೂರುವುದೇ ಇಲ್ಲ, ಗಿಡ ನೇರವಾಗಿ ಕಪ್ಪಾಗುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ, ನೆಲದಲ್ಲಿ ಬಿಸಿ ಇನ್ನೂ ಇರುವಾಗ, ಮತ್ತೆ ಹೊದಿಸಿ. ಕತ್ತಲಾದ ಮೇಲೆ ಹೊದಿಸಿದರೆ ಹಿಡಿದಿಡಲು ಬಿಸಿಯೇ ಉಳಿದಿರುವುದಿಲ್ಲ.

ಎರಡನೆಯ ರಾತ್ರಿ ಆಕಾಶದಲ್ಲಿ ಮೋಡವಿಲ್ಲ, ಗಾಳಿಯಿಲ್ಲ. ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ, ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಮಡುಗಟ್ಟುತ್ತದೆ. ವಿಮಾನ ನಿಲ್ದಾಣ 33 ಎನ್ನುವಾಗ ಊರಾಚೆಯ ಹಿತ್ತಲಿನಲ್ಲಿ 27 ಇರಬಹುದು. ಗಿಡಗಳ ಹತ್ತಿರ ನಿಮ್ಮದೇ ಆದ ಒಂದು ಅಗ್ಗದ ಥರ್ಮಾಮೀಟರನ್ನು ಮೊಣಕಾಲೆತ್ತರಕ್ಕೆ ಕಟ್ಟಿಟ್ಟರೆ ಮುಂದಿನ ವರ್ಷಗಳಿಗೂ ಅಂದಾಜು ಸಿಗುತ್ತದೆ. ಅತಿ ಕಡಿಮೆ ಉಷ್ಣತೆ ಬರುವುದು ಸೂರ್ಯೋದಯದ ಹೊತ್ತಿಗೆ, ಆದ್ದರಿಂದ ಮಧ್ಯರಾತ್ರಿಗೆ ನೋಡಿ ನೆಮ್ಮದಿಯಾಗಬೇಡಿ.

ಆಮೇಲೆ

ಕಪ್ಪಾಗಿ ಜೋತುಬಿದ್ದ ಎಲೆ ಕಂಡ ಕೂಡಲೇ ಕತ್ತರಿ ಹಿಡಿಯಬೇಡಿ. ತರಕಾರಿ ಬಳ್ಳಿಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಕರಿಬೇವು, ನಿಂಬೆ, ಮಲ್ಲಿಗೆಯಂಥ ಬಹುವಾರ್ಷಿಕ ಗಿಡಗಳ ಸತ್ತ ತುದಿ ಒಳಗಿನ ಕಾಂಡಕ್ಕೆ ಮುಂದಿನ ಚಳಿಯಲ್ಲಿ ಮರೆಯಾಗುತ್ತದೆ. ಈಗ ಕತ್ತರಿಸಿದರೆ ಹೊಸ ಚಿಗುರೊಡೆದು ಮುಂದಿನ ಫ್ರೀಜ್‌ಗೆ ಅದೂ ಬಲಿಯಾಗುತ್ತದೆ. ಉಗುರಿನಿಂದ ತೊಗಟೆ ಕೆರೆದು ನೋಡಿ: ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ. ನೆಲದಲ್ಲಿರುವ ಕರಿಬೇವು ಪೂರ್ತಿ ಸತ್ತಂತೆ ಕಂಡರೂ ಮೇ ತಿಂಗಳವರೆಗೆ ಕಾಯಿರಿ, ಬುಡದಿಂದ ಚಿಗುರು ಬರುವುದು ತಡವಾಗಿ.

ಡಲ್ಲಾಸ್ ಸುತ್ತಮುತ್ತ ಕೊನೆಯ ಫ್ರೀಜ್ ಸರಾಸರಿ ಮಾರ್ಚ್ ಮಧ್ಯಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಬಿಸಿಲು ಬಂದಾಗ ಕುಂಡಗಳನ್ನು ಹೊರಗೆ ಸಾಗಿಸುವ ಆತುರ ಎಲ್ಲರಿಗೂ ಆಗುತ್ತದೆ. ರಾತ್ರಿಯ ಉಷ್ಣತೆ ಸತತವಾಗಿ 50ರ ಮೇಲೆ ನಿಂತ ಮೇಲೆ ಹೊರಗಿಡಿ. ಮೊದಲ ವಾರ ನೆರಳಿನಲ್ಲಿ, ನಂತರ ಬೆಳಗಿನ ಬಿಸಿಲಿನಲ್ಲಿ. ನಾಲ್ಕು ತಿಂಗಳು ಕಿಟಕಿಯ ಬೆಳಕಿನಲ್ಲಿದ್ದ ಎಲೆಗಳನ್ನು ಒಮ್ಮೆಲೇ ಟೆಕ್ಸಾಸ್‌ನ ಬಿಸಿಲಿಗೆ ಒಡ್ಡಿದರೆ ಒಂದೇ ದಿನದಲ್ಲಿ ಬೆಳ್ಳಗೆ ಸುಟ್ಟುಹೋಗುತ್ತವೆ.